ಕೆರೆಯ ದಂಡೆ ಎಲ್ಲಿಂದ ಆರಂಭ: ಕಲಬುರಗಿಯ ಜಲತೀರ ನಿಯಮಗಳ ಪರಿಷ್ಕರಣೆ ಕುರಿತು

ಪ್ರಶ್ನೆ: ಕಲಬುರಗಿ ನಗರದ ಅಂಚಿನ ಕೆರೆಯೊಂದಕ್ಕೆ ಹೊಂದಿಕೊಂಡ ಬಡಾವಣೆಯಲ್ಲಿ ನಮ್ಮ ಮನೆಗಳಿವೆ. ಮಹಾಯೋಜನೆಯ (ನಗರದ ಮಾಸ್ಟರ್ ಪ್ಲಾನ್) ಪರಿಷ್ಕರಣೆಯಲ್ಲಿ ಈ ಕೆರೆಯ ದಂಡೆಯನ್ನು ಅಭಿವೃದ್ಧಿಪಡಿಸಬೇಕು, ವಾಯುವಿಹಾರ ಪಥ, ತಿಂಡಿ ಮಳಿಗೆ, ದೋಣಿ ವಿಹಾರ, ಒಂದು ಹೋಟೆಲ್ ಬರಬೇಕು ಎಂಬ ಮಾತು ನಡೆದಿದೆ. ಕಟ್ಟಡಗಳನ್ನು ನೀರಿನಿಂದ 30 ಮೀಟರ್ ದೂರ ಇಟ್ಟರೆ ಸಾಕು ಎಂದು ಕೆಲವರು, 75 ಮೀಟರ್ ಬೇಕೇ ಬೇಕು ಎಂದು ಕೆಲವರು ಹೇಳುತ್ತಾರೆ. ನಮ್ಮ ನಿವಾಸಿಗಳ ಸಂಘ ಯಾವ ನಿಯಮವನ್ನು ಕೇಳಬೇಕು, ಯಾರ ಮುಂದೆ ಕೇಳಬೇಕು? ದಂಡೆಯಲ್ಲಿ ಈಗಾಗಲೇ ನಿವೇಶನ ಕೊಂಡಿರುವವರ ಗತಿಯೇನು?

ಉತ್ತರ: ತಮ್ಮ ಸಂಘದಲ್ಲಿ ನಡೆದಿರುವ ಚರ್ಚೆ 30 ಮತ್ತು 75 ಎಂಬ ಎರಡು ಅಂಕಿಗಳ ನಡುವೆ ಸಿಲುಕಿಕೊಂಡಿದೆ. ಎಷ್ಟು ಮೀಟರ್ ಎಂದು ತೀರ್ಮಾನಿಸುವ ಮೊದಲು ಆ ಮೀಟರುಗಳನ್ನು ಎಲ್ಲಿಂದ ಎಣಿಸಬೇಕು ಎಂಬುದು ಇತ್ಯರ್ಥವಾಗಬೇಕು. ನಿಯಮಾವಳಿಯಲ್ಲಿ ಈ ಆರಂಭದ ಗೆರೆ ಅಸ್ಪಷ್ಟವಾಗಿದ್ದರೆ 75 ಮೀಟರ್ ಎಂದು ಬರೆದರೂ ಕೆರೆ ಉಳಿಯುವುದಿಲ್ಲ. ಅದು ಗಟ್ಟಿಯಾಗಿದ್ದರೆ 30 ಮೀಟರೂ ಬಹಳಷ್ಟನ್ನು ಕಾಪಾಡುತ್ತದೆ. ಆದ್ದರಿಂದ ನನ್ನ ಉತ್ತರದ ಹೆಚ್ಚಿನ ಭಾಗ ಆ ಗೆರೆಯ ಬಗ್ಗೆಯೇ ಇರುತ್ತದೆ.

ನಮ್ಮ ಭಾಗದ ಕೆರೆಗಳು ಆಳವಾದ ಕಣಿವೆಗಳಲ್ಲಿ ನಿಂತ ನೀರಲ್ಲ. ಬಹುತೇಕ ಸಮತಟ್ಟಾದ ಎರೆ ಭೂಮಿಯಲ್ಲಿ ಸಣ್ಣ ಹಳ್ಳವೊಂದಕ್ಕೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ನೀರು ಪರಾತದಲ್ಲಿಟ್ಟ ನೀರಿನಂತೆ ತೆಳ್ಳಗೆ, ಅಗಲವಾಗಿ ಹರಡಿಕೊಂಡಿರುತ್ತದೆ. ಏರಿಯ ಎದುರಿನ ಬದಿಯಲ್ಲಿ, ಅಂದರೆ ನೀರು ಒಳಬರುವ ಕಡೆ, ನೆಲ ಇನ್ನೂರು ಅಡಿಗೆ ಒಂದಡಿಯಷ್ಟು ಮಾತ್ರ ಇಳಿಜಾರಾಗಿದೆ ಎಂದು ಇಟ್ಟುಕೊಳ್ಳಿ. ಅಲ್ಲಿ ನೀರು ಒಂದೇ ಒಂದು ಅಡಿ ಏರಿದರೆ ದಂಡೆ ಇನ್ನೂರು ಅಡಿ, ಎಂದರೆ ಸುಮಾರು 61 ಮೀಟರ್, ಹಿಂದಕ್ಕೆ ಸರಿಯುತ್ತದೆ. ಇದು ತಾವು ಹೇಳುವ 30 ಮೀಟರ್ ಪಟ್ಟಿಯ ಎರಡರಷ್ಟು. ಏಪ್ರಿಲ್ ತಿಂಗಳಲ್ಲಿ ಕಂಡ ನೀರಿನ ಅಂಚಿನಿಂದ ಅಳೆದು ಅನುಮತಿ ಕೊಟ್ಟ ಮನೆಯೊಳಗೆ ಸೆಪ್ಟೆಂಬರಿನಲ್ಲಿ ನೀರು ನಿಲ್ಲುವುದು ಹೀಗೆ. ಕಲಬುರಗಿಯಲ್ಲಿ ವರ್ಷಕ್ಕೆ ಸರಾಸರಿ 750 ಮಿಲಿಮೀಟರ್ ಆಸುಪಾಸಿನ ಮಳೆ ಬಿದ್ದರೂ ಅದರ ದೊಡ್ಡ ಪಾಲು ಮುಂಗಾರಿನ ಕೆಲವೇ ವಾರಗಳಲ್ಲಿ, ಅದರಲ್ಲೂ ಸೆಪ್ಟೆಂಬರಿನ ಸುತ್ತಮುತ್ತ, ಬಂದುಬಿಡುತ್ತದೆ. ಒಂದು ಋತುವಿನ ದಂಡೆಗೂ ಇನ್ನೊಂದು ಋತುವಿನ ದಂಡೆಗೂ ಇಷ್ಟು ಅಂತರ ಇರುವ ಊರಿನಲ್ಲಿ "ನೀರಿನ ಅಂಚಿನಿಂದ" ಎಂಬ ಮಾತಿಗೆ ಕಾನೂನಿನಲ್ಲಿ ಅರ್ಥವೇ ಇರುವುದಿಲ್ಲ.

ಹಾಗಾದರೆ ಅಳತೆ ಎಲ್ಲಿಂದ? ಕೆರೆ ತುಂಬಿ ಕೋಡಿ ಹರಿಯಲು ತೊಡಗುವ ಮಟ್ಟವನ್ನು ಇಂಜಿನಿಯರುಗಳು ಪೂರ್ಣ ಜಲಮಟ್ಟ ಅಥವಾ ಎಫ್‌ಟಿಎಲ್ ಎನ್ನುತ್ತಾರೆ. ಭಾರಿ ಮಳೆಯಲ್ಲಿ ಕೋಡಿಯ ಮೇಲೆ ಒಂದೆರಡು ಅಡಿ ನೀರು ಹರಿಯುತ್ತಿರುವಾಗ ಕೆರೆಯ ಮಟ್ಟವೂ ಅಷ್ಟು ಏರುತ್ತದೆ. ಅದು ಗರಿಷ್ಠ ಜಲಮಟ್ಟ. ಈ ಎರಡೂ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎತ್ತರ ಎಂದು ಬರೆದಿಡಬಹುದಾದ ಸಂಖ್ಯೆಗಳು. ಆ ಎತ್ತರದ ಸಮೋನ್ನತ ರೇಖೆಯನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಯನ್ನು, ನೆಲದ ಮೇಲೆ ಎಳೆದು ಗಡಿಕಲ್ಲು ನೆಟ್ಟರೆ ಬೇಸಿಗೆ ಮಳೆಗಾಲ ಎಂಬ ಭೇದವಿಲ್ಲದೆ ದಂಡೆ ಒಂದೇ ಕಡೆ ಇರುತ್ತದೆ. ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳ ದಾಖಲೆಗಳು ಸಣ್ಣ ನೀರಾವರಿ ಇಲಾಖೆಯಲ್ಲಿಯೂ ಅದಕ್ಕಿಂತ ಚಿಕ್ಕವುಗಳ ದಾಖಲೆಗಳು ಪಂಚಾಯತ್ ವ್ಯವಸ್ಥೆಯಲ್ಲಿಯೂ ಇರಬೇಕು. ನಗರದ ಮಿತಿಯೊಳಗೆ ಬಂದ ಕೆರೆಗಳ ಕಡತಗಳು ಮಹಾನಗರ ಪಾಲಿಕೆಗೆ ಬಂದಿರಬಹುದು. ತಮ್ಮ ಕೆರೆಯ ಕೋಡಿಯ ಮಟ್ಟವನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯುವುದು ಸಂಘದ ಮೊದಲ ಕೆಲಸವಾಗಲಿ.

ಇಲ್ಲಿ ಎರಡು ಅಪಾಯಗಳನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಇವು ಸಾರ್ವಜನಿಕರ ಕಣ್ಣಿಗೆ ಬೀಳುವುದು ಅಪರೂಪ. ಮೊದಲನೆಯದು ಕೋಡಿಯನ್ನು ಇಳಿಸುವುದು. "ಬಡಾವಣೆಗೆ ನೀರು ನುಗ್ಗುತ್ತಿದೆ" ಎಂಬ ದೂರಿನ ಮೇಲೆ ಕೋಡಿಯ ಕಲ್ಲಿನ ಮೇಲ್ಸಾಲನ್ನು ಒಂದು ಅಡಿ ಕತ್ತರಿಸಿಬಿಟ್ಟರೆ, ಮೇಲೆ ತೋರಿಸಿದ ಲೆಕ್ಕದಂತೆ, ಕೆರೆ ಒಂದು ಬದಿಯಲ್ಲಿ ಇನ್ನೂರು ಅಡಿ ಕುಗ್ಗುತ್ತದೆ. ಹೊಸ ಪೂರ್ಣ ಜಲಮಟ್ಟದಿಂದ ಅಳೆದಾಗ ನಿನ್ನೆಯವರೆಗೆ ಕೆರೆ ಅಂಗಳವಾಗಿದ್ದ ಭೂಮಿ ಇಂದು ಕಟ್ಟಡಕ್ಕೆ ಯೋಗ್ಯ ಎಂದು ತೋರುತ್ತದೆ, ಯಾರೂ ಒಂದು ಬುಟ್ಟಿ ಮಣ್ಣನ್ನೂ ಕೆರೆಗೆ ಸುರಿದಿರುವುದಿಲ್ಲ. ಎರಡನೆಯದು ಸೌಂದರ್ಯೀಕರಣದ ಹೆಸರಿನ ಸುತ್ತು ಏರಿ. ಕೆರೆಯ ಸುತ್ತ ನಡಿಗೆ ಪಥ ಮಾಡುವಾಗ ನೀರಿನೊಳಗೇ ಮಣ್ಣು ಹಾಕಿ ಎತ್ತರದ ದಿಬ್ಬ ನಿರ್ಮಿಸಿ ಅದರ ಮೇಲೆ ಪಥ ಹಾಸುತ್ತಾರೆ. ಅದರಿಂದ ಮೂರು ಹಾನಿಗಳು ಒಟ್ಟಿಗೆ ಆಗುತ್ತವೆ: ಕೆರೆಯ ವಿಸ್ತೀರ್ಣ ಕುಗ್ಗುತ್ತದೆ, ಸುತ್ತಲ ನೆಲದಿಂದ ಹರಿದು ಬರುವ ನೀರು ದಿಬ್ಬಕ್ಕೆ ತಡೆದು ಬಡಾವಣೆಯಲ್ಲೇ ನಿಲ್ಲುತ್ತದೆ, ಮತ್ತು ದಿಬ್ಬದ ಹೊರಗೆ ಉಳಿದ ಕೆರೆಯ ನೆಲ ಕ್ರಮೇಣ ಯಾರದೋ ಪಹಣಿಗೆ ಸೇರುತ್ತದೆ. ಹೊಸ ನಿಯಮದಲ್ಲಿ "ಪೂರ್ಣ ಜಲಮಟ್ಟವೆಂದರೆ ಕೋಡಿಯ ಮೂಲ ಮಟ್ಟ, ಆನಂತರ ಮಾಡಿದ ಯಾವ ಬದಲಾವಣೆಯೂ ಕೆರೆಯ ಗಡಿಯನ್ನು ಬದಲಿಸುವುದಿಲ್ಲ" ಎಂಬ ಒಂದು ವಾಕ್ಯ ಇರಲೇಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಸಂಘ ಒಂದೇ ಒಂದು ಬೇಡಿಕೆ ಇಡಬಹುದು ಎಂದಾದರೆ ಅದು ಇದೇ ಆಗಲಿ.

ಮಟ್ಟದ ಜತೆಗೆ ದಾಖಲೆಯ ಗಡಿಯೂ ಇದೆ. ನಮ್ಮ ಜಿಲ್ಲೆಗಳು 1948ರವರೆಗೆ ನಿಜಾಮರ ಆಡಳಿತದಲ್ಲಿ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದುದರಿಂದ ಇಲ್ಲಿನ ಹಳೆಯ ಕಂದಾಯ ಕಾಗದಗಳ ಹೆಸರುಗಳೇ ಬೇರೆ. ಸೇತ್ವಾರ್, ಖಾಸ್ರಾ ಪಹಣಿ ಮುಂತಾದ ದಾಖಲೆಗಳಲ್ಲಿ ಕೆರೆಯ ಮುಳುಗಡೆ ನೆಲವನ್ನು ಶಿಖಂ ಎಂದು ಬರೆದಿರುವುದನ್ನು ಕಾಣಬಹುದು. ಈ ಶಿಖಂ ನೆಲವನ್ನು ನೀರು ಇಳಿದ ತಿಂಗಳುಗಳಲ್ಲಿ ಬಿತ್ತನೆಗೆ ಬಳಸುತ್ತಿದ್ದರು. ಆ ಬಳಕೆಯನ್ನು ತೋರಿಸಿ ಇಂದು ಅದನ್ನು ಸಾಮಾನ್ಯ ಪಟ್ಟಾ ಜಮೀನಿನಂತೆ ಮಾರುವ ಪ್ರಯತ್ನ ನಡೆದರೆ ಖರೀದಿದಾರರು ಎಚ್ಚರವಾಗಿರಬೇಕು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೆಯ ಕಲಮಿನ ಪ್ರಕಾರ, ಖಾಸಗಿ ಹಕ್ಕು ಸಿದ್ಧವಾಗದ ಕೆರೆ, ಹಳ್ಳ, ನದಿಗಳೆಲ್ಲ ಸರ್ಕಾರದ ಸ್ವತ್ತು. ಗ್ರಾಮ ನಕ್ಷೆ, ಸರ್ವೆ ದಾಖಲೆಗಳಾದ ಟಿಪ್ಪಣಿ, ಆಕಾರಬಂದ್ ಮತ್ತು ಹಳೆಯ ಪಹಣಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೆರೆಯ ಸರ್ವೆ ನಂಬರು, ಬ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ), ನಾಲಾ ಹಾದುಹೋದ ದಾರಿ ತಿಳಿಯುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರನ್ನು ನೋಡಿಕೊಳ್ಳುವುದು ಆರಂಭಕ್ಕೆ ಅನುಕೂಲ, ಆದರೆ ಅದು ಮೋಜಣಿಗೆ (ಸರ್ವೆ ಅಳತೆಗೆ) ಬದಲಿಯಲ್ಲ. ಮಟ್ಟದ ಗೆರೆ ಮತ್ತು ದಾಖಲೆಯ ಗೆರೆ ಎರಡೂ ಯಾವಾಗಲೂ ಒಂದೇ ಕಡೆ ಬರುವುದಿಲ್ಲ. ಎರಡರಲ್ಲಿ ಯಾವುದು ಹೊರಗಿದೆಯೋ ಅದನ್ನೇ ಕೆರೆಯ ಗಡಿ ಎಂದು ನಿಯಮದಲ್ಲಿ ಹೇಳಬೇಕು.

ಈಗ ಕಾನೂನಿಗೆ ಬರೋಣ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ 2014ರಲ್ಲಿ ಬಂದಿತು, ಮತ್ತು ಅದು ಮಹಾನಗರ ಪಾಲಿಕೆಗಳ ಮಿತಿಯೊಳಗಿನ ಕೆರೆಗಳಿಗೆ ಅನ್ವಯಿಸುತ್ತದೆ. ಹಾಗಾಗಿ ಕಲಬುರಗಿ ಅದರ ವ್ಯಾಪ್ತಿಗೆ ಬರುತ್ತದೆ. ನೀರು ಇರಲಿ ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದು ಯಾವ ಹೆಸರಿನಿಂದ ನಮೂದಾಗಿದ್ದರೂ ಅದು ಕೆರೆಯೇ ಎಂದು ಕಾಯ್ದೆ ಹೇಳುತ್ತದೆ. ನೀರು ತರುವ ರಾಜಕಾಲುವೆ, ಏರಿ, ಕೋಡಿ, ತೂಬು, ಹೊರಗಾಲುವೆಗಳನ್ನೂ ಕೆರೆಯ ವ್ಯಾಖ್ಯೆಯೊಳಗೇ ಸೇರಿಸುತ್ತದೆ. ಇದು ಬಹಳ ಬಲವಾದ ವ್ಯಾಖ್ಯೆ, ಮಹಾಯೋಜನೆಯಲ್ಲಿ ಇದಕ್ಕಿಂತ ದುರ್ಬಲವಾದ ವ್ಯಾಖ್ಯೆಯನ್ನು ಒಪ್ಪಬೇಡಿ. ಮೂಲ ಕಾಯ್ದೆಯ ನಿಷೇಧಗಳಲ್ಲಿ ಕೆರೆಯ ಹೊರಗಡಿಯಿಂದ 30 ಮೀಟರ್ ಒಳಗೆ ವಾಣಿಜ್ಯ, ಮನರಂಜನಾ ಮತ್ತು ಕೈಗಾರಿಕಾ ಸಂಕೀರ್ಣಗಳು, ಮನೆಗಳು ಬರಬಾರದು ಎಂದಿದೆ. ಮನರಂಜನಾ ಎಂಬ ಪದವನ್ನು ಗಮನಿಸಿ. ತಿಂಡಿ ಮಳಿಗೆಗಳ ಸಾಲನ್ನು ಉದ್ಯಾನದ ಭಾಗ ಎಂದು ಕರೆದು ಈ 30 ಮೀಟರ್ ಪಟ್ಟಿಯೊಳಗೆ ತರುವ ಪ್ರಯತ್ನಕ್ಕೆ ಈ ಪದವೇ ಉತ್ತರ. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದ ಮುಂದೆ ಬಂದ ತಿದ್ದುಪಡಿ ಮಸೂದೆ ಈ ಅಂತರವನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುವ ಉದ್ದೇಶದ್ದು: 30 ಮೀಟರ್ ದೊಡ್ಡ ಕೆರೆಗಳಿಗೆ ಮಾತ್ರ ಉಳಿದು ಸಣ್ಣವಕ್ಕೆ ಕಡಿಮೆ ಮಾಡುವುದು ಅದರ ಕ್ರಮ. ಈ ದಾರಿ ನನಗೆ ಸರಿಕಾಣುವುದಿಲ್ಲ, ಏಕೆಂದರೆ ನಗರ ಬೆಳೆದಾಗ ಮೊದಲು ಮಾಯವಾಗುವುದು ಸಣ್ಣ ಕುಂಟೆಗಳೇ. ತಮ್ಮ ಅಹವಾಲು ಸಲ್ಲಿಸುವ ದಿನ ಜಾರಿಯಲ್ಲಿರುವ ಪಠ್ಯವನ್ನು ರಾಜ್ಯಪತ್ರದಲ್ಲಿ ನೋಡಿಕೊಂಡು ಅದನ್ನೇ ಉಲ್ಲೇಖಿಸಿ. ರಾಜ್ಯದ ಕಾಯ್ದೆ ಹೇಳುವುದು ಕನಿಷ್ಠ ಅಂತರವನ್ನು. ಒಂದು ನಗರದ ಮಹಾಯೋಜನೆ ತನ್ನ ನೆಲದ ಸ್ವಭಾವಕ್ಕೆ ತಕ್ಕಂತೆ ಅದಕ್ಕಿಂತ ಹೆಚ್ಚಿನ ಅಂತರವನ್ನು ಗೊತ್ತುಮಾಡುವುದಕ್ಕೆ ಅಡ್ಡಿಯಿಲ್ಲ.

75 ಮೀಟರ್ ಎಂಬ ಅಂಕಿ ಬೆಂಗಳೂರಿನದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಬೆಂಗಳೂರಿನ ಕೆರೆಗಳಿಗೆ 75 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 35 ಮತ್ತು 25 ಮೀಟರ್ ಎಂದು ಆದೇಶಿಸಿತ್ತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ಶಾಸನಬದ್ಧವಾಗಿ ಸಿದ್ಧವಾದ ಮಹಾಯೋಜನೆಯ ವಲಯ ನಿಯಮಗಳನ್ನು ನ್ಯಾಯಮಂಡಳಿ ಬದಲಿಸಲಾಗದು ಎಂಬುದು ಅದರ ಸಾರಾಂಶ. ಹೀಗೆ ಬೆಂಗಳೂರಿನ ಮಹಾಯೋಜನೆಯಲ್ಲಿದ್ದ 30 ಮೀಟರ್ ಮತ್ತು ಕಾಲುವೆಗಳ 50, 25, 15 ಮೀಟರ್ ಮತ್ತೆ ಊರ್ಜಿತವಾದವು. ಇದನ್ನು ಪರಿಸರದ ಸೋಲು ಎಂದು ಮಾತ್ರ ಓದುವವರು ಅದರ ಇನ್ನೊಂದು ಮುಖವನ್ನು ಮರೆಯುತ್ತಾರೆ. ಸಾರ್ವಜನಿಕರ ಅಭಿಪ್ರಾಯ ಪಡೆದು, ಸರ್ಕಾರದ ಅನುಮೋದನೆ ಪಡೆದು ಮಹಾಯೋಜನೆಯೊಳಗೆ ಬಂದ ನಿಯಮಕ್ಕೆ ಎಷ್ಟು ಬಲವಿದೆ ಎಂಬುದನ್ನೂ ಅದೇ ತೀರ್ಪು ಹೇಳಿದೆ. ಹೋರಾಟ ಮಾಡಿ ನ್ಯಾಯಾಲಯದಿಂದ ಅಂತರ ತರುವುದಕ್ಕಿಂತ ಯೋಜನೆಯ ಕರಡಿನ ಹಂತದಲ್ಲೇ ಅದನ್ನು ಬರೆಸುವುದು ಹೆಚ್ಚು ಬಾಳಿಕೆಯದು.

ಇನ್ನು 30 ಮತ್ತು 75 ಪರಸ್ಪರ ಎದುರಾಳಿಗಳೂ ಅಲ್ಲ. ಅಮೆರಿಕದ ಮೇಯ್ನ್ ರಾಜ್ಯ 1971ರಿಂದ ತನ್ನ ಎಲ್ಲ ಊರುಗಳಿಗೂ ಜಲತೀರ ವಲಯ ನಿಯಮವನ್ನು ಕಡ್ಡಾಯ ಮಾಡಿದೆ. ಅಲ್ಲಿ ದೊಡ್ಡ ಕೆರೆಗಳ ಮತ್ತು ನದಿಗಳ ಸಾಮಾನ್ಯ ಉನ್ನತ ಜಲರೇಖೆಯಿಂದ 250 ಅಡಿಯವರೆಗಿನ, ಅಂದರೆ ಸುಮಾರು 76 ಮೀಟರಿನ ನೆಲವೆಲ್ಲ ನಿಯಂತ್ರಿತ ಪ್ರದೇಶ. ಆದರೆ ದೊಡ್ಡ ಕೆರೆಯ ದಂಡೆಯಲ್ಲಿ ಸಾಮಾನ್ಯವಾಗಿ ಕಟ್ಟಡವೇ ಬರಬಾರದೆಂಬ ಅಂತರ 100 ಅಡಿ, ಅಂದರೆ 30 ಮೀಟರ್. ಎರಡು ಗೆರೆಗಳು, ಒಂದೇ ಮಟ್ಟದಿಂದ ಅಳೆದವು, ಬೇರೆ ಬೇರೆ ಕೆಲಸಕ್ಕೆ. ಒಂದು ಕಟ್ಟಡವನ್ನು ತಡೆಯುತ್ತದೆ, ಇನ್ನೊಂದು ಕಟ್ಟಡ ಹೇಗಿರಬೇಕು ಎಂದು ಹೇಳುತ್ತದೆ. ಮೇಯ್ನಿನ ಚಳಿ ಮತ್ತು ಕಾಡು ನಮಗೆ ಸಂಬಂಧಿಸಿದ್ದಲ್ಲ, ಆದರೆ ಈ ವಿಂಗಡಣೆ ತಮ್ಮ ಸಂಘದ ಜಗಳವನ್ನು ಬಗೆಹರಿಸುತ್ತದೆ. ಕಲಬುರಗಿಗೆ ನಾನು ಸೂಚಿಸುವುದು ಇದು: ಕೆರೆಯ ಗಡಿಯಿಂದ 30 ಮೀಟರ್ ಅಥವಾ ಗರಿಷ್ಠ ಜಲಮಟ್ಟದ ರೇಖೆ, ಎರಡರಲ್ಲಿ ಯಾವುದು ದೂರವೋ ಅಲ್ಲಿಯವರೆಗೆ ಕಾಯಂ ಕಟ್ಟಡ ಇಲ್ಲದ ಒಳಪಟ್ಟಿ, ಅದರಾಚೆ ಕೆರೆಯ ಗಡಿಯಿಂದ 75 ಮೀಟರಿನವರೆಗೆ ಷರತ್ತುಬದ್ಧ ಕಟ್ಟಡದ ಹೊರಪಟ್ಟಿ.

ಒಳಪಟ್ಟಿಯಲ್ಲಿ ಏನು ಇರಬಹುದು ಎಂಬುದಕ್ಕೂ ಮೇಯ್ನಿನ ಅದೇ ನಿಯಮಗಳಲ್ಲಿ ಒಂದು ಒಳ್ಳೆಯ ಅಳತೆಗೋಲಿದೆ: ಆ ಚಟುವಟಿಕೆ ನೀರಿಲ್ಲದೆ ನಡೆಯಲು ಸಾಧ್ಯವೇ? ದೋಣಿ ಹತ್ತುವ ಕಟ್ಟೆಗೆ ನೀರು ಬೇಕು. ಮೀನುಗಾರರ ಬಲೆ ಇಳಿಸುವ ಜಾಗಕ್ಕೆ, ಅಗಸರ ಕಲ್ಲುಗಳಿಗೆ, ಎಮ್ಮೆ ಇಳಿಯುವ ದಾರಿಗೆ, ಪೂಜೆಯ ಮೆಟ್ಟಿಲುಗಳಿಗೆ, ತೂಬು ತೆರೆಯುವ ನೀರಗಂಟಿಯ ಓಡಾಟಕ್ಕೆ ನೀರು ಬೇಕು. ಹೋಟೆಲಿಗೆ ನೀರಿನ ನೋಟ ಬೇಕೇ ಹೊರತು ದಂಡೆ ಬೇಕಿಲ್ಲ; ನೋಟ ನೂರು ಮೀಟರ್ ದೂರದಿಂದಲೂ ಸಿಗುತ್ತದೆ. ಜಲತೀರ ಅಭಿವೃದ್ಧಿಯ ನಕ್ಷೆಗಳಲ್ಲಿ ಸಾಮಾನ್ಯವಾಗಿ ಮೊದಲ ಗುಂಪು ಅಳಿಸಿಹೋಗಿ ಎರಡನೆಯದು ಮುಂದೆ ಬರುತ್ತದೆ. ಕೆರೆಯನ್ನು ದಿನವೂ ಬಳಸುವವರು ಹೊರಟುಹೋದ ಮೇಲೆ ಕೆರೆಗೆ ಕೊಳಚೆ ಬಂದರೆ ಮೊದಲು ಗಮನಿಸುವವರು ಯಾರು? ಇದನ್ನು ನಾನು ಭಾವುಕತೆಯಿಂದ ಹೇಳುತ್ತಿಲ್ಲ, ಕೆರೆಯ ನಿರ್ವಹಣೆಯ ದೃಷ್ಟಿಯಿಂದ ಹೇಳುತ್ತಿದ್ದೇನೆ. ವಾಯುವಿಹಾರ ಪಥ ಬರಲಿ, ಆದರೆ ಅದು ಪೂರ್ಣ ಜಲಮಟ್ಟದ ಹೊರಗೆ, ಈಗಿರುವ ನೆಲದ ಮಟ್ಟದಲ್ಲಿಯೇ ಇರಲಿ. ಶಹಾಬಾದ್ ಪರಸಿ ನಮ್ಮಲ್ಲೇ ಸಿಗುವ ಚೆಂದದ ಕಲ್ಲು. ಅದನ್ನು ಸಿಮೆಂಟಿನಲ್ಲಿ ಕೂಡಿಸದೆ ಮರಳಿನ ಮೇಲೆ ಸಂದು ಬಿಟ್ಟು ಹಾಸಿದರೆ ನೀರು ಇಂಗುತ್ತದೆ. ತಿಂಡಿಯ ಬಂಡಿಗಳಿಗೆ ರಸ್ತೆಯ ಬದಿಯಲ್ಲಿ, ಒಳಚರಂಡಿ ಇರುವ ಕಡೆ, ಗೊತ್ತಾದ ಜಾಗ ಕೊಡಬಹುದು.

ಹೊರಪಟ್ಟಿಯ ಷರತ್ತುಗಳಲ್ಲಿ ನಮ್ಮ ಮಣ್ಣಿಗೆ ಮೊದಲ ಸ್ಥಾನ ಸಿಗಬೇಕು. ಎರೆ ಮಣ್ಣು ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಕೆರೆಯ ದಂಡೆಯಲ್ಲಿ ಈ ಉಬ್ಬು ಕುಗ್ಗು ವರ್ಷವರ್ಷವೂ ನಡೆಯುತ್ತದೆ. ಅಲ್ಲಿ ಕಟ್ಟಿದ ತಡೆಗೋಡೆ ವಾಲುವುದು, ಮನೆಯ ಗೋಡೆ ಓರೆಯಾಗಿ ಸೀಳುವುದು ಮೇಸ್ತ್ರಿಯ ತಪ್ಪಿನಿಂದಲೇ ಆಗಬೇಕೆಂದಿಲ್ಲ. ನೆಲಮಾಳಿಗೆ ತೋಡಿದರೆ ಕೆರೆಯ ನೀರು ಒಸರಿ ಬಂದು ಅದನ್ನು ಹಗಲಿರುಳು ಪಂಪಿನಿಂದ ಎತ್ತಿ ಚರಂಡಿಗೆ ಬಿಡಬೇಕಾಗುತ್ತದೆ, ಅಂದರೆ ಕೆರೆಯನ್ನೇ ನಿಧಾನವಾಗಿ ಬರಿದುಮಾಡಿದಂತೆ. ಆದ್ದರಿಂದ 75 ಮೀಟರ್ ಒಳಗೆ ನೆಲಮಾಳಿಗೆ ನಿಷೇಧ, ಮನೆಯ ತಳಮಟ್ಟ ಗರಿಷ್ಠ ಜಲಮಟ್ಟಕ್ಕಿಂತ ಮೇಲೆ, ಮಣ್ಣು ಪರೀಕ್ಷೆಯ ವರದಿ ಕಡ್ಡಾಯ, ನಿವೇಶನದಲ್ಲಿ ಅರ್ಧದಷ್ಟಾದರೂ ತೆರೆದ ನೆಲ, ಮತ್ತು ನಿವೇಶನವನ್ನು ಎತ್ತರಿಸಲು ಹೊರಗಿನ ಮಣ್ಣು ತುಂಬುವುದಕ್ಕೆ ಮಿತಿ ಎಂಬ ಷರತ್ತುಗಳು ಇರಬೇಕು.

ಕೊಳಚೆಯ ಬಗ್ಗೆ ವಲಯ ನಿಯಮಗಳು ಬಹುಪಾಲು ಮೌನವಾಗಿರುತ್ತವೆ, ಮತ್ತು ಇದು ದೊಡ್ಡ ಕೊರತೆ. ಊರಿನ ಅತಿ ತಗ್ಗಿನ ನೆಲ ಕೆರೆಯೇ ಆದ್ದರಿಂದ ಒಳಚರಂಡಿಯ ದೊಡ್ಡ ಕೊಳವೆಗಳನ್ನೂ ಅದೇ ಕಾಯ್ದಿರಿಸಿದ ಪಟ್ಟಿಯಲ್ಲಿ ಹಾಕುತ್ತಾರೆ. ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕಿದಾಗ ಕೊಳಚೆ ನೇರವಾಗಿ ನೀರಿಗಿಳಿಯುತ್ತದೆ. ಶೌಚಗುಂಡಿಗಳಿಂದ ಒಸರಿದ ಸಾರಜನಕ ಮತ್ತು ಸಾಬೂನು, ಗೊಬ್ಬರಗಳ ರಂಜಕ ಕೆರೆಗೆ ಸೇರಿದಾಗ ಪಾಚಿ, ಅಂತರಗಂಗೆ ಹಬ್ಬಿ ಮೀನು ಸಾಯುತ್ತದೆ. ದಂಡೆಯ ಹುಲ್ಲು, ಆಪು, ಪೊದೆಗಳು ಮಣ್ಣಿನೊಂದಿಗೆ ಬರುವ ರಂಜಕವನ್ನು ತಡೆಹಿಡಿಯುತ್ತವೆ. ಕಾಂಕ್ರೀಟ್ ಗೋಡೆಗೆ ಆ ಶಕ್ತಿ ಇಲ್ಲ. ಹೊರಪಟ್ಟಿಯಲ್ಲಿ ಒಳಚರಂಡಿಯ ಸಂಪರ್ಕವಿಲ್ಲದ ಯಾವ ಕಟ್ಟಡಕ್ಕೂ ವಾಸಯೋಗ್ಯ ಪ್ರಮಾಣಪತ್ರ ಸಿಗಬಾರದು, ಹೋಟೆಲಿಗೆ ಅದರ ಸ್ವಂತ ಶುದ್ಧೀಕರಣ ಘಟಕ ಇರಬೇಕು, ಮತ್ತು ಹೊಸ ಕೊಳವೆ ಮಾರ್ಗ ಪೂರ್ಣ ಜಲಮಟ್ಟದ ಹೊರಗೇ ಹಾದುಹೋಗಬೇಕು.

ಕೆರೆಗೆ ನೀರು ತರುವ ನಾಲಾಗಳನ್ನು ಬಿಟ್ಟು ಕೆರೆಯನ್ನಷ್ಟೇ ಉಳಿಸಲಾಗದು. ಕಾಲುವೆಯ ಮೇಲೆ ಚಪ್ಪಡಿ ಮುಚ್ಚಿ ರಸ್ತೆ ಮಾಡಿದ ವರ್ಷದಿಂದ ಕೆರೆಯ ಲೆಕ್ಕ ತಪ್ಪುತ್ತದೆ. ಪ್ರತಿ ನಾಲಾದ ಮಧ್ಯರೇಖೆಯನ್ನು ಗ್ರಾಮ ನಕ್ಷೆಯಿಂದ ಎತ್ತಿ ಮಹಾಯೋಜನೆಯ ನಕ್ಷೆಯಲ್ಲಿ ಸರ್ವೆ ನಂಬರಿನ ಸಮೇತ ಗುರುತಿಸಬೇಕು. ಬೀದರಿನಲ್ಲಿ ಈ ಪ್ರಶ್ನೆ ನೆಲದಡಿಗೂ ಇಳಿಯುತ್ತದೆ: ನೌಬಾದಿನ ಸುರಂಗ ಬಾವಿ, ಅಂದರೆ ಬಹಮನಿ ಕಾಲದ ಕರೇಜ್, ನೆಲದ ಮೇಲೆ ಸಾಲು ಗಾಳಿಬಾವಿಗಳಾಗಿ ಮಾತ್ರ ಕಾಣುತ್ತದೆ, ಆ ಸಾಲಿನ ಎರಡೂ ಬದಿಗೆ ಅಂತರ ಗೊತ್ತುಮಾಡದಿದ್ದರೆ ಅಡಿಪಾಯವೊಂದು ಸಾಕು ಅದನ್ನು ಮುಚ್ಚಲು.

ನದಿ ದಂಡೆಯ ಊರುಗಳವರು ಇದೇ ಅಂತರ ನಮಗೂ ಸಾಕೇ ಎಂದು ಕೇಳುವುದುಂಟು. ಸಾಲದು. ಸಮುದ್ರ ಮತ್ತು ಅದರ ಉಬ್ಬರವಿಳಿತ ತಲುಪುವ ನೀರಿಗೆ ಮಾತ್ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತದೆ, ಭೀಮೆಗೂ ಮಾಂಜ್ರಾಕ್ಕೂ ಅಲ್ಲ. ಜೌಗು ಪ್ರದೇಶಗಳ 2017ರ ನಿಯಮಗಳು ಕಳೆದ ಹತ್ತು ವರ್ಷಗಳ ಸರಾಸರಿ ಉನ್ನತ ಪ್ರವಾಹ ಮಟ್ಟದಿಂದ 50 ಮೀಟರಿನೊಳಗೆ ಕಾಯಂ ಕಟ್ಟಡವನ್ನು ತಡೆಯುತ್ತವೆ, ಮತ್ತು ಅಲ್ಲಿಯೂ ಅಳತೆ ಮಟ್ಟದಿಂದಲೇ ಎಂಬುದನ್ನು ಗಮನಿಸಿ. ಆದರೆ ನದಿಪಾತ್ರವನ್ನೂ, ನೀರಾವರಿಗೆ ಮತ್ತು ಕುಡಿಯುವ ನೀರಿಗೆಂದೇ ಮನುಷ್ಯರು ಕಟ್ಟಿದ ಕೆರೆಗಳನ್ನೂ ಅವು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಪ್ರವಾಹ ಬಯಲಿನ ವಲಯೀಕರಣಕ್ಕೆಂದು ಕೇಂದ್ರ 1975ರಲ್ಲೇ ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳಿಸಿದ್ದರೂ ಅದನ್ನು ಕಾನೂನಾಗಿಸಿದ ರಾಜ್ಯಗಳು ಬೆರಳೆಣಿಕೆಯಷ್ಟು. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದ ಕಡೆಯಿಂದ ಬಂದ ನೀರು ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಭೀಮಾ ತೀರದಲ್ಲಿ ಎಲ್ಲಿಯವರೆಗೆ ಏರಿತ್ತು ಎಂಬುದು ಜನರ ನೆನಪಿನಲ್ಲಿದೆ, ಗೋಡೆಗಳ ಮೇಲೂ ಇದೆ. ಯಾದಗಿರಿಯಂತಹ ನದಿತೀರದ ಪಟ್ಟಣದ ಯೋಜನೆ ಆ ಮಟ್ಟವನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ನಿವೇಶನ ಕೊಂಡವರ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ನಿವೇಶನವೇ ಕೆರೆ ಅಂಗಳದಲ್ಲಿ ಅಥವಾ ಬ ಖರಾಬಿನಲ್ಲಿದ್ದರೆ ಅದನ್ನು ಸಕ್ರಮಗೊಳಿಸುವ ಭರವಸೆ ಕೊಡುವವರನ್ನು ನಂಬಬೇಡಿ. ಸಾರ್ವಜನಿಕ ಕೆರೆ, ಗೋಮಾಳಗಳ ಒತ್ತುವರಿಯನ್ನು ಹಣ ಕಟ್ಟಿಸಿಕೊಂಡು ಸಕ್ರಮ ಮಾಡಬಾರದು ಎಂಬುದನ್ನು ಸುಪ್ರೀಂ ಕೋರ್ಟ್ 2011ರ ಜನವರಿ 28ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಶುದ್ಧ ಪಟ್ಟಾ ಜಮೀನು ಕಾಯ್ದಿರಿಸಿದ ಪಟ್ಟಿಯೊಳಗೆ ಬಂದಿದ್ದರೆ ಮಾತು ಬೇರೆ. ಅವರು ತಪ್ಪು ಮಾಡಿದವರಲ್ಲ, ಅವರ ಹಕ್ಕಿಗೆ ನ್ಯಾಯ ಸಿಗಲೇಬೇಕು. ಅನುಮತಿ ಪಡೆದು ಕಟ್ಟಿದ ಮನೆಗಳು ಉಳಿಯಲಿ, ದುರಸ್ತಿಗೆ ಅಡ್ಡಿ ಬೇಡ, ಆದರೆ ನೀರಿನ ಕಡೆಗೆ ವಿಸ್ತರಣೆ ಇಲ್ಲ. ಪೂರ್ತಿ ಕೆಡವಿ ಕಟ್ಟುವುದಾದರೆ ಅಂತರ ಬಿಟ್ಟು ಕಟ್ಟಬೇಕು ಎಂದು ನಿಯಮದಲ್ಲಿ ಬರೆಯಬಹುದು. ಖಾಲಿ ನಿವೇಶನಗಳ ಪಟ್ಟಿಯೊಳಗಿನ ಭಾಗವನ್ನು ಮಾಲೀಕರು ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟುಕೊಟ್ಟರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಬಿ ಕಲಮಿನಡಿ ಬೇರೆಡೆ ಬಳಸಬಹುದಾದ ಅಭಿವೃದ್ಧಿ ಹಕ್ಕು ನೀಡುವ ದಾರಿಯಿದೆ. ಹೊಸ ಬಡಾವಣೆ ಮಾಡುವವರು ಕೆರೆಯ ಪಟ್ಟಿಯನ್ನೇ ತಮ್ಮ ಉದ್ಯಾನದ ಪಾಲು ಎಂದು ಪೂರ್ತಿ ತೋರಿಸುವುದಕ್ಕೆ ಮಾತ್ರ ಬಿಡಬೇಡಿ. ಹಾಗೆ ಮಾಡಿದರೆ ಮಕ್ಕಳಿಗೆ ಆಡಲು ಸಿಗುವುದು ಮಳೆಗಾಲದಲ್ಲಿ ಮುಳುಗುವ ನೆಲ. ಅರ್ಧಕ್ಕಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯಬಾರದು ಎಂಬ ಮಿತಿ ನ್ಯಾಯವಾದದ್ದು.

ಯಾರ ಮುಂದೆ ಕೇಳಬೇಕು ಎಂದರೆ, ಮಹಾಯೋಜನೆ ತಯಾರಿಸುವುದು ಯೋಜನಾ ಪ್ರಾಧಿಕಾರ, ಇಲ್ಲಿ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರ, ಅನುಮೋದನೆ ಸರ್ಕಾರದ್ದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13-ಡಿ ಕಲಮು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಣೆ ಆಗಬೇಕೆನ್ನುತ್ತದೆ, 13ನೆಯ ಕಲಮು ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ 60 ದಿನ ಕೊಡುತ್ತದೆ. ಲಿಖಿತವಾಗಿ ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಶೀಲಿಸಿ ತನ್ನ ಶಿಫಾರಸಿನೊಂದಿಗೆ ಸರ್ಕಾರಕ್ಕೆ ಕಳಿಸಬೇಕು. "ಕೆರೆ ಉಳಿಸಿ" ಎಂಬ ನೂರು ಸಹಿಗಳ ಮನವಿಗಿಂತ ಒಂದು ಸರ್ವೆ ನಂಬರು, ಒಂದು ನಕ್ಷೆ ಮತ್ತು ಸೇರಿಸಬೇಕಾದ ನಿಯಮದ ಪೂರ್ಣ ಪಠ್ಯ ಇರುವ ಎರಡು ಪುಟದ ಪತ್ರ ಹೆಚ್ಚು ಕೆಲಸ ಮಾಡುತ್ತದೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ನಗರ ಯೋಜನಾ ನಿರ್ದೇಶಕರಿಗೂ ಕಳಿಸಿ. ಯೋಜನೆ ಅನುಮೋದನೆಯಾದ ಮೇಲೂ ಕಾವಲು ಬಿಡುವಂತಿಲ್ಲ: 14-ಎ ಕಲಮಿನಡಿ ಒಂದೊಂದೇ ಸರ್ವೆ ನಂಬರಿನ ಭೂಬಳಕೆಯನ್ನು ಬದಲಿಸುವ ಅವಕಾಶವಿದ್ದು, ಅದರ ಪ್ರಕಟಣೆ ಪತ್ರಿಕೆಯ ಒಳಪುಟದ ಸಣ್ಣ ಅಕ್ಷರಗಳಲ್ಲಿ ಬರುತ್ತದೆ. ಜಲತೀರದ 75 ಮೀಟರ್ ಒಳಗೆ ಇಂತಹ ಬಿಡಿ ಬದಲಾವಣೆಗೆ ಅವಕಾಶವಿಲ್ಲ ಎಂಬ ಮಾತನ್ನೂ ತಮ್ಮ ಪತ್ರದಲ್ಲಿ ಸೇರಿಸಿ.

ಪತ್ರದಲ್ಲಿ ಇಡಬಹುದಾದ ಮುಖ್ಯ ಪಠ್ಯ ಹೀಗಿರಲಿ: "ಜಲಮೂಲದ ಗಡಿ ಎಂದರೆ ಕೋಡಿಯ ಮೂಲ ಮಟ್ಟಕ್ಕೆ ಸರಿಯಾದ ಪೂರ್ಣ ಜಲಮಟ್ಟದ ಸಮೋನ್ನತ ರೇಖೆ ಅಥವಾ ಕಂದಾಯ ದಾಖಲೆಯಲ್ಲಿರುವ ಕೆರೆಯ ಗಡಿ, ಇವೆರಡರಲ್ಲಿ ಹೊರಗಿರುವುದು. ಈ ಗಡಿಯನ್ನು ಜಂಟಿ ಮೋಜಣಿಯಿಂದ ಗುರುತಿಸಿ, ಗಡಿಕಲ್ಲು ನೆಟ್ಟು, ಪ್ರತಿ ಕಲ್ಲಿನ ಅಕ್ಷಾಂಶ, ರೇಖಾಂಶ ಮತ್ತು ಮಟ್ಟವನ್ನು ಮಹಾಯೋಜನೆಯ ಅನುಬಂಧದಲ್ಲಿ ಪ್ರಕಟಿಸತಕ್ಕದ್ದು. ಗಡಿ ಗುರುತಿಸುವವರೆಗೆ ಜಲಮೂಲದ ಸುತ್ತ ಯಾವುದೇ ಹೊಸ ಕಟ್ಟಡ ಪರವಾನಗಿ ನೀಡತಕ್ಕದ್ದಲ್ಲ." ಕೊನೆಯ ವಾಕ್ಯಕ್ಕೆ ವಿರೋಧ ಬರುತ್ತದೆ, ಮೋಜಣಿಗೆ ಸಿಬ್ಬಂದಿ ಇಲ್ಲ ಎಂಬ ಉತ್ತರವೂ ಬರುತ್ತದೆ. ಆದರೂ ಅದನ್ನು ಬಿಟ್ಟುಕೊಡಬೇಡಿ, ಏಕೆಂದರೆ ಮೋಜಣಿ ಬೇಗ ಮುಗಿಯಲಿ ಎಂದು ಪ್ರಾಧಿಕಾರವೂ, ನಿವೇಶನದ ಮಾಲೀಕರೂ ಒಟ್ಟಿಗೆ ಬಯಸುವಂತೆ ಮಾಡುವುದು ಆ ಒಂದು ವಾಕ್ಯವೇ.